ಕೋಟೆಯ ಹೋಟೆಲಿನಲ್ಲಿ ಎರಡು ರಾತ್ರಿ

ಊರು ನೋಡಲು ಹೊರಟವರಿಗೆ ನೋಡಿದ ಊರಿಗಿಂತ ತಂಗಿದ ಮನೆಯೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುವುದುಂಟು. ಗೋಪುರ, ಅರಮನೆ, ಕಡಲ ದಂಡೆಗಳೆಲ್ಲ ಒಂದರೊಡನೊಂದು ಬೆರೆತು ಕ್ರಮೇಣ ಮಸುಕಾಗುತ್ತವೆ. ನೀರು ಬಾರದ ನಲ್ಲಿ, ನಿದ್ದೆ ಬಾರದ ಹಾಸಿಗೆ, ಎಣಿಸಿ ಕೊಟ್ಟ ಹಣ, ಇವು ಮಾತ್ರ ಮರೆಯುವಂಥವಲ್ಲ. ಮೊನ್ನೆ ಮುಂಬಯಿಗೆ ಹೋಗಿಬಂದ ಧಾರವಾಡದ ವೃದ್ಧ ದಂಪತಿಗಳ ಅನುಭವವೂ ಇಂಥದೇ.

ಯಜಮಾನರು ಹೈಸ್ಕೂಲಿನಲ್ಲಿ 34 ವರ್ಷ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು. ಅವರ ತಂದೆ 1939ರಲ್ಲಿ ಬಿ.ಎ. ಮುಗಿಸಿದವರು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಊರಿನಲ್ಲಿ ಕರ್ನಾಟಕ ಕಾಲೇಜು 1917ರಲ್ಲಿಯೇ ಸ್ಥಾಪನೆಯಾಗಿದ್ದರೂ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಅಲ್ಲಿಯವರೆಗೆ ಓದುವುದು ಧಾರವಾಡದಲ್ಲಾದರೂ ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು. ಪದವೀದಾನಕ್ಕೆಂದು ಮುಂಬಯಿಗೆ ಹೋದ ಆ ತರುಣ ಗಿರಗಾಂವಿನ ಚಾಳೊಂದರಲ್ಲಿ ಪರಿಚಿತರ ಕೋಣೆಯ ಹೊರಗೆ ಚಾಪೆ ಹಾಸಿಕೊಂಡು ಮಲಗಿದ್ದ. ಸಂಜೆ ಕೋಟೆ ಪ್ರದೇಶದಲ್ಲಿ ತಿರುಗಾಡುವಾಗ ಒಂದು ದೊಡ್ಡ ಹೋಟೆಲಿನ ಎದುರು ನಿಂತುಬಿಟ್ಟ. ಬಾಗಿಲಲ್ಲಿ ಜರಿ ರುಮಾಲಿನ ದ್ವಾರಪಾಲಕ. ಕಿಟಕಿಗಳಲ್ಲಿ ಬೆಳಕೋ ಬೆಳಕು. ಒಳಗಿನಿಂದ ತೇಲಿ ಬರುತ್ತಿದ್ದ ಪಿಯಾನೋದ ನಾದ. ಒಳಗೆ ಕಾಲಿಡುವ ಧೈರ್ಯವಾಗಲಿಲ್ಲ. ಕಿಸೆಯಲ್ಲಿ ಹಣವೂ ಇರಲಿಲ್ಲ.

ಈ ಕಥೆಯನ್ನು ಅವರು ಮಕ್ಕಳಿಗೆ ನೂರು ಬಾರಿ ಹೇಳಿದ್ದರು. ಹೆಂಡತಿಗೆ ಇನ್ನೂ ಹೆಚ್ಚು. ಅವರು ತೀರಿಕೊಂಡು ಬಹುಕಾಲವಾಯಿತು. 92ರ ಪ್ರಾಯದ ಅವರ ಪತ್ನಿ ಈಗಲೂ ಇದ್ದಾರೆ. ಮಗ ಮುಂಬಯಿಗೆ ಹೊರಟಾಗ ಆಕೆ ಬೇರೆ ಏನನ್ನೂ ಬೇಡಲಿಲ್ಲ. “ಆ ಹೋಟೆಲ ಒಳಗ ಹ್ಯಾಂಗದ ಅಂತ ನೋಡ್ಕೊಂಡ ಬಂದ ಹೇಳಪಾ” ಎಂದಷ್ಟೇ ಹೇಳಿದರು.

ಹೋಟೆಲಿನ ಹೆಸರು ಇಲ್ಲಿ ಅನಾವಶ್ಯಕ. ಇಂಥ ಹೋಟೆಲುಗಳು ಪ್ರತಿಯೊಂದು ಮಹಾನಗರದಲ್ಲಿಯೂ ಉಂಟು. ರಾತ್ರಿಯೊಂದಕ್ಕೆ 9,000 ರೂಪಾಯಿ, ತೆರಿಗೆ ಬೇರೆ. ಎರಡು ರಾತ್ರಿಗೆಂದು ಮೊಮ್ಮಗ ಮೊಬೈಲಿನಲ್ಲಿಯೇ ಕೋಣೆ ಕಾದಿರಿಸಿ, ಹಣವನ್ನೂ ಮುಂಗಡವಾಗಿ ತುಂಬಿದ. ಮಾಸ್ತರರ ಒಂದು ತಿಂಗಳ ಪಿಂಚಣಿಯಲ್ಲಿ ಅರ್ಧದಷ್ಟು ಅಲ್ಲಿಗೆ ಹೋಯಿತು. ಮನೆಯೊಡತಿ ಏನೋ ಹೇಳಹೊರಟವರು ಅತ್ತೆಯ ಮುಖ ನೋಡಿ ಸುಮ್ಮನಾದರು.

ಹುಬ್ಬಳ್ಳಿಯಿಂದ ದಾದರಿಗೆ ಹೋಗುವ ರೈಲು ಬೆಳಗ್ಗೆ ಮೂವರನ್ನೂ ಇಳಿಸಿತು. ಟ್ಯಾಕ್ಸಿಯಲ್ಲಿ ಹೋಟೆಲು ಮುಟ್ಟಿದರೆ, ಮಧ್ಯಾಹ್ನ ಎರಡು ಗಂಟೆಗೆ ಮೊದಲು ಕೋಣೆ ದೊರೆಯದೆಂಬ ಉತ್ತರ. ಮುಖ ತೊಳೆಯುವುದಕ್ಕೂ ಸ್ಥಳವಿಲ್ಲ. ಪೆಟ್ಟಿಗೆಗಳನ್ನು ಅಲ್ಲಿಯೇ ಒಪ್ಪಿಸಿ ಅವರು ಊರು ನೋಡಲು ಹೊರಟರು. ಆ ಒಂದು ಉಪಕಾರವನ್ನು ಹೋಟೆಲಿನವರು ತಿಳಿಯದೆ ಮಾಡಿದರೆನ್ನಬೇಕು; ಪ್ರವಾಸದಲ್ಲಿ ಅತ್ಯಂತ ಸಂತೋಷದ ಹೊತ್ತೆಂದರೆ ಅದೇ.

ವಿಶ್ವವಿದ್ಯಾಲಯದ ಪದವೀದಾನ ಸಭಾಂಗಣವು 1874ರಲ್ಲಿ ಪೂರ್ಣಗೊಂಡದ್ದು. ಅದರ ಪಕ್ಕದ ರಾಜಾಬಾಯಿ ಗೋಪುರ 1878ರದು. ಪ್ರೇಮಚಂದ ರಾಯಚಂದ ಎಂಬ ವರ್ತಕ ತನ್ನ ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ಎರಡಕ್ಕೂ ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಇಂಗ್ಲೆಂಡಿನಲ್ಲಿ ಕುಳಿತೇ ಬರೆದ. ಹಿಂದೂಸ್ಥಾನವನ್ನು ಆತ ಕಣ್ಣಿನಿಂದ ಕಂಡವನಲ್ಲ. ಸಭಾಂಗಣದ ಬಾಗಿಲು ಅಂದು ಮುಚ್ಚಿತ್ತು. ಕಾವಲುಗಾರನಿಗೆ ಮಾಸ್ತರರು ತಮ್ಮ ತಂದೆಯ ಸಂಗತಿ ಹೇಳಿದಾಗ ಆತ ಹೊರಗಿನ ಮೊಗಸಾಲೆಯವರೆಗೆ ಬಿಟ್ಟ. ಹನ್ನೆರಡು ರಾಶಿಗಳ ಚಿತ್ರವಿರುವ ದುಂಡನೆಯ ಬಣ್ಣದ ಗಾಜಿನ ಕಿಟಕಿ ಹೊರಗಿನಿಂದ ಕಪ್ಪಗೆ ಕಾಣುತ್ತಿತ್ತು. ಆ ಬಣ್ಣಗಳು ಒಳಗೆ ನಿಂತವರಿಗೆ ಮಾತ್ರ. ತಂದೆ ಒಳಗೆ ನಿಂತು ಅದನ್ನು ಕಂಡಿದ್ದರು. ಮಾಸ್ತರರು ಅಲ್ಲಿ ಬಹಳ ಹೊತ್ತು ನಿಂತಿದ್ದರು.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಕಾಳಾ ಘೋಡಾ ಎಂಬಲ್ಲಿ, ಎಸ್‌ಪ್ಲನೇಡ್ ಮ್ಯಾನ್ಷನ್ ಇದೆ. ಒಂದಾನೊಂದು ಕಾಲದಲ್ಲಿ ಮುಂಬಯಿಯ ಅತಿ ದೊಡ್ಡ ಹೆಸರಿನ ಹೋಟೆಲು ಎಂದರೆ ಇದೇ: ವಾಟ್ಸನ್ನನ ಹೋಟೆಲು. ಇದರ ಕಬ್ಬಿಣದ ಕಂಬ ತೊಲೆಗಳನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದರು. 1871ರಲ್ಲಿ ಬಾಗಿಲು ತೆರೆದ ಈ ಹೋಟೆಲಿನಲ್ಲಿ 130 ಕೋಣೆಗಳಿದ್ದವು. ಅಮೆರಿಕದ ಸಾಹಿತಿ ಮಾರ್ಕ್ ಟ್ವೇನ್ 1896ರ ಜನವರಿಯಲ್ಲಿ ಇಲ್ಲಿಯೇ ಇಳಿದುಕೊಂಡ. ಮರುವರ್ಷ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಹೋಟೆಲಿನ ಗದ್ದಲವನ್ನೂ ಮುಂಬಯಿಯ ಕಾಗೆಗಳನ್ನೂ ಪರಿಹಾಸ ಮಾಡಿದ. ಹೆಸರುವಾಸಿ ಹೋಟೆಲಿನಲ್ಲಿ ನಿದ್ದೆ ಬಾರದೆ ಹೋದದ್ದು ಹೊಸ ಸಂಗತಿಯೇನೂ ಅಲ್ಲವೆಂದಾಯಿತು! ಅದೇ ವರ್ಷ ಜುಲೈ 7ರಂದು ಲ್ಯೂಮಿಯೇರ್ ಸೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ತೋರಿಸಲ್ಪಟ್ಟದ್ದೂ ಇಲ್ಲಿಯೇ. ಟಿಕೀಟು ಒಂದು ರೂಪಾಯಿ.

ಅಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಜಮಶೇಟಜಿ ಟಾಟಾ ಅವರನ್ನು ಬಾಗಿಲಿನಿಂದ ಹಿಂದಿರುಗಿಸಿದರೆಂದೂ ಆ ಛಲದಿಂದಲೇ ಅವರು ತಾಜಮಹಲ್ ಹೋಟೆಲನ್ನು ಕಟ್ಟಿಸಿದರೆಂದೂ ಜನ ಹೇಳುತ್ತಾರೆ. ಇದಕ್ಕೆ ಆಧಾರವಿಲ್ಲವೆನ್ನುವ ಇತಿಹಾಸಜ್ಞರೂ ಇದ್ದಾರೆ. ಹೇಗಾದರೂ ಇರಲಿ, 1903ರ ಡಿಸೆಂಬರ್ 16ರಂದು ತಾಜ್ ತೆರೆಯಿತು. ಅಲ್ಲಿ ವಿದ್ಯುದ್ದೀಪ, ಲಿಫ್ಟು, ಫ್ಯಾನುಗಳಿದ್ದವು. ಕಾಲಕ್ರಮದಲ್ಲಿ ವಾಟ್ಸನ್ನನ ಹೋಟೆಲಿನ ಕಳೆ ಇಳಿಯುತ್ತ ಬಂತು. ಹೋಟೆಲು ಮುಚ್ಚಿತು, ಕೋಣೆಗಳು ಕಚೇರಿಗಳೂ ಮನೆಗಳೂ ಆದವು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾನೂನು ಬಾಡಿಗೆಗಳನ್ನು 1940ರ ಮಟ್ಟದಲ್ಲಿಯೇ ತಡೆದು ನಿಲ್ಲಿಸಿತ್ತು. ಬಾಡಿಗೆದಾರನಿಗೆ ಅದರಿಂದ ಬದುಕು ದೊರೆಯಿತು; ಕಟ್ಟಡಕ್ಕೆ ಮಾತ್ರ ಸುಣ್ಣವೂ ದೊರೆಯಲಿಲ್ಲ. 2005ರಲ್ಲಿ ಮುಂಭಾಗದ ಒಂದು ಪಾರ್ಶ್ವ ಕುಸಿಯಿತು. 2019ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ಒಳಗಿದ್ದವರೆಲ್ಲ ತೆರವು ಮಾಡಿದರು.

“ಅಜ್ಜಾ, ನಾವು ಇಳ್ಕೊಂಡ ಹೋಟೆಲ್ ಹಿಂಗ ಆಗಿಲ್ಲಲ್ಲ, ಪುಣ್ಯ” ಎಂದ ಮೊಮ್ಮಗ.

ಎರಡು ಗಂಟೆಗೆ ಕೋಣೆಯ ಬಾಗಿಲು ತೆರೆಯಿತು. ಲಿಫ್ಟಿಗೆ ‘ದುರಸ್ತಿಯಲ್ಲಿದೆ’ ಎಂಬ ಫಲಕ ತೂಗುತ್ತಿತ್ತು. ಫಲಕಕ್ಕೇ ಧೂಳು ಕಟ್ಟಿತ್ತು. ಮೂರನೆಯ ಮಹಡಿ ಹತ್ತುವಾಗ ಮನೆಯೊಡತಿ ಪ್ರತಿಯೊಂದು ತಿರುವಿನಲ್ಲಿಯೂ ಮೊಣಕಾಲು ಹಿಡಿದು ನಿಂತರು. ಸಮುದ್ರ ಕಾಣುವ ಕೋಣೆಯೆಂದು ವರ್ಣಿಸಿದ್ದು ಸುಳ್ಳಲ್ಲ. ಎರಡು ಕಟ್ಟಡಗಳ ನಡುವೆ ಕೈಯಗಲದಷ್ಟು ನೀಲಿ ಕಂಡಿತು. ಅದಕ್ಕೆ ಕಿಟಕಿಯಿಂದ ಕತ್ತು ಹೊರಚಾಚಬೇಕು, ಅಷ್ಟೆ. ಹಾಸಿಗೆ ನಡುವೆ ತೊಟ್ಟಿಲಿನಂತೆ ತಗ್ಗಿತ್ತು. ಎರಡು ಅಂಚಿನಲ್ಲಿ ಮಲಗಿದವರು ನಡುರಾತ್ರಿ ತಗ್ಗಿನಲ್ಲಿ ಸಂಧಿಸಬೇಕು. ಕಿಟಕಿಗೆ ಕೂರಿಸಿದ್ದ ತಂಪುಯಂತ್ರ ಭತ್ತದ ಗಿರಣಿಯ ಧ್ವನಿ ಮಾಡುತ್ತ ಹನಿ ಹನಿಯಾಗಿ ನೆಲಕ್ಕೆ ನೀರು ಸುರಿಸುತ್ತಿತ್ತು. ಪರದೆಗೆ ಹಳೆಯ ಮಳೆಗಾಲಗಳ ವಾಸನೆ. ಬಿಸಿನೀರು ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರವೆಂದು ಗೋಡೆಯ ಮೇಲೆ ಅಂಟಿಸಿದ್ದರು. ಮೇಜಿನ ಮೇಲೆ ಬೆರಳು ತಿರುಗಿಸುವ ಕಾಲದ ಟೆಲಿಫೋನು ಇತ್ತು. ಮೊಮ್ಮಗ ಎತ್ತಿ ನೋಡಿದರೆ ಅದಕ್ಕೆ ತಂತಿಯೇ ಇರಲಿಲ್ಲ.

ಕೆಳಗಿನ ಹಜಾರದ ಗೋಡೆಗಳ ತುಂಬ ಹಳೆಯ ಛಾಯಾಚಿತ್ರಗಳು. ರಾಜಮಹಾರಾಜರು, ಗವರ್ನರರು, ಚಲಚ್ಚಿತ್ರ ತಾರೆಯರು, ಎಲ್ಲರೂ ಈ ಮೆಟ್ಟಿಲುಗಳ ಮೇಲೆ ನಿಂತು ನಗುತ್ತಿದ್ದಾರೆ. ಒಂದು ಮೂಲೆಯಲ್ಲಿ ಪಿಯಾನೋ! ಮಾಸ್ತರರು ಹತ್ತಿರ ಹೋಗಿ ಮರವನ್ನು ಮುಟ್ಟಿ ನೋಡಿದರು. ಮುಚ್ಚಳಕ್ಕೆ ಬೀಗ ಬಿದ್ದಿತ್ತು. ಮೇಲೆ ಕುಂಡವೊಂದನ್ನಿರಿಸಿದ್ದರು, ಅದರ ನೀರು ಇಳಿದು ಮರದ ಮೇಲೆ ಬಿಳಿಯ ಉಂಗುರ ಮೂಡಿತ್ತು. ಕೇಳಿದರೆ, “ಕೀಲಿಕೈ ಸಿಕ್ಕುತ್ತಿಲ್ಲ, ಸಾಹೇಬರೇ, ನಾನು ಬಂದಾಗಿನಿಂದಲೂ ಹಾಗೆಯೇ” ಎಂದು ಆಳು ಹೇಳಿದ.

ಮರುದಿನ ಬೆಳಗ್ಗೆ ಉಪಾಹಾರಕ್ಕೆ ತಣ್ಣಗಾದ ಇಡ್ಲಿ, ಚರ್ಮದಂತೆ ಎಳೆದರೂ ಹರಿಯದ ರೊಟ್ಟಿ ಚೂರು, ಯಂತ್ರದಿಂದ ಇಳಿದ ಕಾಫಿ. ರಾತ್ರಿಯಿಡೀ ನಿದ್ದೆಯಿಲ್ಲದ ಮಾಸ್ತರರು ಮ್ಯಾನೇಜರರ ಬಳಿಗೆ ಹೋಗಿ, ಒಂದು ರಾತ್ರಿಯ ಹಣ ಹಿಂದಿರುಗಿಸಿದರೆ ಹೊರಟುಹೋಗುವೆವೆಂದು ವಿನಯದಿಂದಲೇ ಹೇಳಿದರು. ಆತನೂ ಬಹಳ ವಿನಯದ ಮನುಷ್ಯ. ಕಟ್ಟಿದ ಹಣ ಹಿಂದಿರುಗುವ ಪದ್ಧತಿಯಿಲ್ಲವೆಂದ. ಇನ್ನು ಕೋಣೆಯ ವಿಚಾರ: “ಇದು ಪಾರಂಪರಿಕ ಕಟ್ಟಡ. ಇಲ್ಲಿ ಏನನ್ನೂ ಬದಲಾಯಿಸುವ ಹಾಗಿಲ್ಲ.”

ಈ ಉತ್ತರವನ್ನು ಸ್ವಲ್ಪ ವಿಚಾರ ಮಾಡಬೇಕು. ಪಾರಂಪರಿಕ ಕಟ್ಟಡಗಳಿಗಾಗಿ ಮುಂಬಯಿಯಲ್ಲಿ 1995ರಿಂದ ನಿಯಮಗಳಿರುವುದು ನಿಜ. ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ, ಕೆಡವುವುದಕ್ಕೂ ರೂಪ ಬದಲಾಯಿಸುವುದಕ್ಕೂ ಅಡ್ಡಿ ಹಾಕಿದ್ದಾರೆ. ಆ ನಿಯಮಗಳಿಲ್ಲದಿದ್ದರೆ ಕೋಟೆ ಪ್ರದೇಶದ ಸೊಬಗಿನಲ್ಲಿ ಎಷ್ಟು ಉಳಿಯುತ್ತಿತ್ತೋ! ಆದರೆ ಹಾಸಿಗೆಯ ಹತ್ತಿಯನ್ನು ಬದಲಾಯಿಸಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ. ಪಿಯಾನೋದ ಮೇಲೆ ಕುಂಡವಿರಿಸಬೇಕೆಂದೂ ಹೇಳುವುದಿಲ್ಲ. 1947ರ ಕಾನೂನಿನ ಪೂರ್ಣ ಹೆಸರಿನಲ್ಲಿ ಮನೆಬಾಡಿಗೆಯೊಡನೆ ಹೋಟೆಲು, ವಸತಿಗೃಹಗಳ ದರದ ಹತೋಟಿಯೂ ಸೇರಿತ್ತು. ಆ ಕಾನೂನು ಹೋಗಿ 1999ರದು ಬಂದಿದೆ. ರಾತ್ರಿಗೆ 9,000 ರೂಪಾಯಿ ಎಣಿಸಿಕೊಳ್ಳುವವರು ಬಡತನದ ನೆಪ ಹೇಳುವಂತಿಲ್ಲ. ಹಳೆಯದನ್ನು ಕಾಪಾಡುವುದು ಬೇರೆ, ಹಳೆಯದನ್ನು ಹಾಗೆಯೇ ಬಿಟ್ಟುಬಿಡುವುದು ಬೇರೆ. ಮೊದಲನೆಯದಕ್ಕೆ ಪ್ರತಿದಿನ ದುಡಿಯಬೇಕು. ಎರಡನೆಯದಕ್ಕೆ ಒಂದಿಷ್ಟು ಛಾಯಾಚಿತ್ರಗಳಿದ್ದರೆ ಸಾಕು.

ಈ ಮಾತಿಗೆ ಸಾಕ್ಷಿ ಅಂದೇ ಮಧ್ಯಾಹ್ನ ದೊರೆಯಿತು. ಸ್ಥಳೀಯ ರೈಲಿನಲ್ಲಿ ಮೂವರೂ ಮಾಟುಂಗಾಕ್ಕೆ ಹೋದರು. ನಿಲ್ದಾಣದ ಇದಿರಿಗೇ ಮೊದಲನೆಯ ಮಹಡಿಯಲ್ಲಿ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಅದೂ ಹಳೆಯದೇ, 1942ರಲ್ಲಿ ಪ್ರಾರಂಭವಾದದ್ದು. ಅಲ್ಲಿ ದ್ವಾರಪಾಲಕನಿಲ್ಲ, ಪಿಯಾನೋ ಇಲ್ಲ. ಬಾಳೆಯೆಲೆಯ ಮೇಲೆ ಬಿಸಿ ಅನ್ನ, ಸಾರು, ಪಲ್ಯ. ಕನ್ನಡ ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಪಾತ್ರೆ ತೊಳೆದು, ಬಡಿಸಿ, ಗಲ್ಲೆಯವರೆಗೆ ಏರಿ ಕಟ್ಟಿದ ಉಡುಪಿ ಹೋಟೆಲುಗಳಿಂದಲೇ ಮುಂಬಯಿಗೆ ಇಡ್ಲಿ ದೋಸೆ ಮನೆಯ ತಿಂಡಿಯಾದದ್ದು. ಹಳೆಯ ಕ್ರಮ ಅಲ್ಲಿ ಗೋಡೆಗೆ ತೂಗುಹಾಕಿದ ಚಿತ್ರವಾಗಿರಲಿಲ್ಲ. ಎಲೆಯ ಮೇಲೆ ಬಿಸಿಯಾಗಿಯೇ ಇತ್ತು. ಎರಡು ದಿನಗಳಲ್ಲಿ ಮೊದಲ ಬಾರಿಗೆ ಮನೆಯೊಡತಿಯ ಮುಖ ಅರಳಿತು.

“ಮಾವನವರು ಆ ಹೋಟೆಲನ್ನ ಹೊರಗ ನಿಂತ ನೋಡಿದ್ದ ಛಲೋ ಆತ ನೋಡ್ರಿ” ಎಂದರು ಆಕೆ, ಮಜ್ಜಿಗೆ ಕುಡಿಯುತ್ತ.

ಮಾಸ್ತರರು ನಗಲಿಲ್ಲ. ಸಂಜೆ ಊರಿಗೆ ಫೋನು ಮಾಡಬೇಕಾಗಿತ್ತು.

ಏಳು ಗಂಟೆಗೆ ಹಜಾರದ ಕುರ್ಚಿಯಲ್ಲಿ ಕುಳಿತು ಮಾತನಾಡಿದರು. ಅತ್ತ ಕಡೆಯಿಂದ ಸಣ್ಣ ಧ್ವನಿ: “ಒಳಗ ಹ್ಯಾಂಗದಪಾ?”

“ದೊಡ್ಡದದ ಅವ್ವಾ. ಭಾಳ ಹಳೇದದ. ಮ್ಯಾಲೆ ಎತ್ತರ ಮಾಳಗಿ, ನೆಲಕ್ಕ ಬಣ್ಣದ ಹಾಸಗಲ್ಲು.”

“ಪಿಯಾನೋ ಅದ ಏನು?”

“ಅದ ಅವ್ವಾ. ನನ್ನ ಎದುರಿಗೇ ಅದ.”

“ಬಾರಸ್ತಾರೇನು?”

ಮಾಸ್ತರರು ಕುಂಡದ ಕಡೆ ನೋಡಿದರು. “ಇವತ್ತ ಬಾರಸಲಿಲ್ಲ” ಎಂದರು.

ಅತ್ತ ಸ್ವಲ್ಪ ಹೊತ್ತು ಮೌನ. ಆಮೇಲೆ ತಾಯಿ, “ಇರಲಿ ಬಿಡು. ಅವರು ಕೇಳಿದ್ದರಲ್ಲ” ಎಂದು ಫೋನು ಕೆಳಗಿಟ್ಟರು.

ಮೂರನೆಯ ದಿನ ಬೆಳಗ್ಗೆ ಲೆಕ್ಕ ಬಂದಿತು. ಬಾಟಲಿಯ ನೀರಿಗೆ ಬೇರೆ, ಮೊಮ್ಮಗನ ಹೆಚ್ಚಿನ ಹಾಸಿಗೆಗೆ ಬೇರೆ. ಜೊತೆಗೆ ಅತಿಥಿಗಳ ಅಭಿಪ್ರಾಯ ಬರೆಯಲು ದಪ್ಪ ಕಾಗದದ ಅಚ್ಚಿನ ಹಾಳೆಯೊಂದು. ಆ ಹೋಟೆಲಿನಲ್ಲಿ ಹೊಸದಾಗಿದ್ದ ವಸ್ತು ಅದೊಂದೇ. “ಎಲ್ಲಾ ಬರದಬಿಡು ಅಜ್ಜಾ” ಎಂದು ಮೊಮ್ಮಗ ಲೇಖನಿ ಕೊಟ್ಟ. ಲಿಫ್ಟು, ನಲ್ಲಿ, ಹಾಸಿಗೆ, ಇಡ್ಲಿ, ಯಾವುದರಿಂದ ಪ್ರಾರಂಭಿಸಬೇಕು? 34 ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಹಾಳೆಯ ಮೇಲೆ ಒಂದು ಕ್ಷಣ ತಡೆಯಿತು. ಕೊನೆಗೆ ಮಾಸ್ತರರು ದುಂಡನೆಯ ಅಕ್ಷರಗಳಲ್ಲಿ ಒಂದೇ ಸಾಲು ಬರೆದು, ಹಾಳೆಯನ್ನು ಮಡಿಸಿ ಮ್ಯಾನೇಜರರ ಕೈಗಿತ್ತರು. ಟ್ಯಾಕ್ಸಿಯಲ್ಲಿ ಮೊಮ್ಮಗ ಎಷ್ಟು ಕೇಳಿದರೂ ಹೇಳಲಿಲ್ಲ. ರೈಲು ಪುಣೆ ದಾಟಿದ ಮೇಲೆ ಹೆಂಡತಿಗೆ ಹೇಳಿದರು:

“ಪಿಯಾನೋದ ಕೀಲಿಕೈ ಹುಡುಕಿಸಿರಿ.”