ನೀಸ್ ನಗರದ ಸಿಹಿಸೊಪ್ಪು

ಫ್ರಾನ್ಸ್ ದೇಶದ ಆಗ್ನೇಯ ಮೂಲೆಯಲ್ಲಿ, ಆಲ್ಪ್ಸ್ ಪರ್ವತಗಳು ಭೂಮಧ್ಯ ಸಮುದ್ರಕ್ಕೆ ಇಳಿಯುವೆಡೆಯಲ್ಲಿ, ನೀಸ್ ನಗರವಿರುವುದು. ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಡಲತೀರದ ಸೊಬಗಿಗಾಗಿ. ಊರಿನ ಸ್ವಭಾವವನ್ನರಿಯಬೇಕಾದರೆ ಹಳೆಯ ಪೇಟೆಯ ಕೂರ್ ಸಲೇಯಾ ಸಂತೆಗೆ ಹೋಗಬೇಕು. ಅಲ್ಲಿ ಹೂವಿನ ರಾಶಿಗಳ ನಡುವೆ, ಅಗಲವಾದ ಹಸುರೆಲೆಯೂ ದಪ್ಪನೆಯ ಬಿಳಿಯ ದಂಟೂ ಉಳ್ಳ ಸೊಪ್ಪಿನ ಕಟ್ಟುಗಳು ನಮ್ಮ ಕಣ್ಣಿಗೆ ಬಿದ್ದುವು.

ಇಂಗ್ಲಿಷರು ಇದನ್ನು ಸ್ವಿಸ್ ಚಾರ್ಡ್ ಎನ್ನುವರು. ಹೆಸರು ಸ್ವಿಟ್ಜರ್ಲೆಂಡಿನದಾದರೂ ತವರು ಭೂಮಧ್ಯ ಸಮುದ್ರದ ಸೀಮೆಯೇ. ಬೀಟ್‌ರೂಟಿಗೂ ಇದಕ್ಕೂ ಕುಲವೊಂದೇ. ಅದನ್ನು ಗೆಡ್ಡೆಗಾಗಿ, ಇದನ್ನು ಎಲೆ ದಂಟುಗಳಿಗಾಗಿ ಬೆಳೆಸುತ್ತ ಬಂದರು. ನೀಸಿನವರ ಸ್ವಂತ ನುಡಿಯಲ್ಲಿ ಇದು ‘ಬ್ಲೆಯಾ’.

ಈ ಸೊಪ್ಪಿನಿಂದ ಅವರು ಸಿಹಿಭಕ್ಷ್ಯವನ್ನು ಮಾಡುವರೆಂದರೆ ನಮ್ಮ ಸೋದರಿಯರು ನಕ್ಕಾರು. ಎಲೆಯನ್ನು ದಂಟಿನಿಂದ ಬಿಡಿಸಿ, ಎಳೆಎಳೆಯಾಗಿ ಹೆಚ್ಚಿ, ಕಹಿ ಹೋಗುವಂತೆ ಹಲವು ನೀರಿನಲ್ಲಿ ತೊಳೆದು, ಬಿಗಿಯಾಗಿ ಹಿಂಡುವರು. ಸಕ್ಕರೆ, ಒಣದ್ರಾಕ್ಷಿ, ಪೈನ್ ಮರದ ಬೀಜ, ಮೊಟ್ಟೆ, ತುರಿದ ಚೀಸು ಇವುಗಳನ್ನು ಬೆರಸಿದರೆ ಹೂರಣವಾಯಿತು. ಅದನ್ನು ಕಣಕದ ಹಾಳೆಯ ಮೇಲೆ ಹರಡಿ, ಸೇಬಿನ ಹೋಳುಗಳನ್ನು ಜೋಡಿಸಿ, ಇನ್ನೊಂದು ಹಾಳೆಯನ್ನು ಮುಚ್ಚಿ, ಅಂಚನ್ನೊತ್ತಿ ಭಟ್ಟಿಯಲ್ಲಿ ಬೇಯಿಸುವರು. ಆರಿದ ಮೇಲೆ ತುಂಡು ಮಾಡಿ ತಿನ್ನುವುದು ವಾಡಿಕೆ. ಬಾಯಿಗಿಟ್ಟಾಗ ಮೊದಲು ದ್ರಾಕ್ಷಿಯ ಸಿಹಿ, ಅನಂತರ ಸೊಪ್ಪಿನ ಮಣ್ಣಿನ ಕಂಪು; ಒಂದನ್ನೊಂದು ಕೆಡಿಸುವುದಿಲ್ಲ. ಉಳಿದ ದಂಟೂ ವ್ಯರ್ಥವಲ್ಲ. ಅದು ಎಲೆಗಿಂತ ತಡವಾಗಿ ಬೇಯುವುದರಿಂದ ಬೇರೆಯಾಗಿ ಬೇಯಿಸಿ, ಹಾಲು ಹಿಟ್ಟುಗಳ ಗಟ್ಟಿಸಾರಿನಲ್ಲಿ ಕಲಸಿ ಉಣ್ಣುವರು.

ಈ ಸೊಪ್ಪಿನ ಮೋಹಕ್ಕಾಗಿ ನೀಸಿನವರಿಗೆ ಸಭ್ಯರ ಮುಂದೆ ಆಡಬಾರದ ಅಡ್ಡಹೆಸರೊಂದುಂಟು. ಅವರು ಅದಕ್ಕೆ ನಾಚದೆ ನಗುವರು. ಆ ನಗೆಯ ಹಿಂದೆ ಕಥೆಯೊಂದಿದೆ. ಸಾರ್ಡೀನಿಯಾ ರಾಜ್ಯಕ್ಕೆ ಸೇರಿದ್ದ ಈ ಊರು 1860ರಲ್ಲಿ ಒಪ್ಪಂದದ ಮೂಲಕ ಫ್ರಾನ್ಸಿನ ಪಾಲಾಯಿತು. 1807ರಲ್ಲಿ ಇಲ್ಲಿಯೇ ಹುಟ್ಟಿದ ಗ್ಯಾರಿಬಾಲ್ಡಿಯು ಅದನ್ನು ಕಟುವಾಗಿ ವಿರೋಧಿಸಿದನು, ಫಲವಾಗಲಿಲ್ಲ. ಧ್ವಜ ಬದಲಾಯಿತು, ಶಾಲೆಯಲ್ಲಿ ಫ್ರೆಂಚ್ ನುಡಿಯೇ ನೆಲೆಗೊಂಡಿತು, ಮನೆಮಾತನ್ನು ಆಡುವವರು ವಿರಳರಾದರು.

ಆದರೂ ಆ ಮಾತನ್ನರಿಯದ ಮೊಮ್ಮಕ್ಕಳು ಕೂಡ ಈ ಭಕ್ಷ್ಯವನ್ನು ‘ತುರ್ತ ದೆ ಬ್ಲೆಯಾ’ ಎಂದು ಅಜ್ಜಿಯ ನುಡಿಯಲ್ಲಿ ಕರೆಯಬಲ್ಲರು. ರಾಜರು ಕಳೆದುದರಲ್ಲಿ ಒಂದು ಹಿಡಿಯಷ್ಟನ್ನು ಅಡಿಗೆಯ ಮನೆ ಕಾಪಾಡಿತು. ಭಾಷೆಯ ಉಳಿವನ್ನು ಪಂಡಿತರಿಗೊಪ್ಪಿಸಿ ನಿಶ್ಚಿಂತರಾಗಿರುವ ಗೃಹಸ್ಥರು ಇದನ್ನು ಕೊಂಚ ಯೋಚಿಸಬಹುದು.