ಸಂದರ್ಶನದ ಸಿದ್ಧತೆ

ಕಲಿತುದನ್ನು ಕಾಗದದ ಮೇಲೆ ಬರೆದು ತೋರಿಸುವುದು ಒಂದು. ಬಲ್ಲವರೆದುರು ಕುಳಿತು ಮಾತಿನಲ್ಲಿ ತೋರಿಸುವುದು ಮತ್ತೊಂದು. ಕೇಂದ್ರ ಲೋಕಸೇವಾ ಆಯೋಗವು ತನ್ನ ನಾಗರಿಕ ಸೇವೆಗಳ ಸಂದರ್ಶನವನ್ನು ವ್ಯಕ್ತಿತ್ವ ಪರೀಕ್ಷೆಯೆಂದು ಕರೆಯುತ್ತದೆ. ಲಿಖಿತಕ್ಕೆ 1750 ಅಂಕಗಳಾದರೆ ಇದಕ್ಕೆ 275. ಒಟ್ಟಿನಲ್ಲಿ ಏಳನೆಯ ಒಂದು ಪಾಲಿಗೂ ಕಡಿಮೆ. ಆದರೂ ಲಿಖಿತದಲ್ಲಿ ಕೂದಲೆಳೆಯಷ್ಟೇ ಅಂತರದಲ್ಲಿ ನಿಂತವರ ಭಾಗ್ಯವು ಇಲ್ಲಿ ಹಿಂದುಮುಂದಾಗುವುದುಂಟು. ಇದು ಪಾಟೀಸವಾಲಲ್ಲ, ಒಂದು ಉದ್ದೇಶವುಳ್ಳ ಸಹಜ ಸಂಭಾಷಣೆ ಎಂಬುದು ಆಯೋಗದ ಅಭಿಪ್ರಾಯ. ಸಹಜವಾಗಿರುವುದಕ್ಕೆ ಸಿದ್ಧತೆ ಮಾಡಿಕೊಳ್ಳುವುದು ಹೇಗೆ? ಕಷ್ಟವೆಲ್ಲ ಇರುವುದು ಇಲ್ಲಿಯೇ.

ಹಾಸನದ ಕಡೆಯ ಹಳ್ಳಿಯೊಂದರ ತರುಣಿಗೆ ಈ ಕರೆ ಬಂದಿತು. ವಯಸ್ಸಿನ ಮಿತಿ ಮುಗಿಯುತ್ತ ಬಂದಿದ್ದುದರಿಂದ ಆಕೆಗೆ ಇದೇ ಕಡೆಯ ಅವಕಾಶ. ಓದಿನ ವೆಚ್ಚಕ್ಕಾಗಿ ತಂದೆ ತೆಂಗಿನ ತೋಟವನ್ನು ಅಡವಿಟ್ಟಿದ್ದರು. ಆಕೆ ಹಗಲಿರುಳು ಅಂಕಿಗಳನ್ನು ಕಂಠಪಾಠ ಮಾಡಿದಳು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ವ್ಯಾಪ್ತಿ ಗ್ರಾಮಾಂತರದಲ್ಲಿ ನೂರಕ್ಕೆ 75, ಪಟ್ಟಣಗಳಲ್ಲಿ 50 ಜನರವರೆಗೆ. ಆದ್ಯತೆಯ ಕುಟುಂಬದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ಅಂತ್ಯೋದಯದ ಮನೆಗೆ 35 ಕಿಲೋ. ಯಾವಾಗ ಕೇಳಿದರೂ ಎಡವದೆ ಹೇಳುವಳು.

ನೆರೆಮನೆಯಲ್ಲಿ ನಿವೃತ್ತ ತಹಶೀಲ್ದಾರರೊಬ್ಬರಿದ್ದರು. ಒಂದು ಸಂಜೆ ಅವರು ಇದೆಲ್ಲವನ್ನೂ ಸಾವಧಾನವಾಗಿ ಕೇಳಿ, "ಸರಿ ತಾಯಿ. ಅರ್ಹತೆಯಿಲ್ಲದವನೊಬ್ಬ ಅಕ್ಕಿ ಒಯ್ದರೆ ನಷ್ಟ ಯಾರಿಗೆ? ಅರ್ಹಳಾದವಳೊಬ್ಬಳಿಗೆ ಅಕ್ಕಿ ತಪ್ಪಿದರೆ ನಷ್ಟ ಯಾರಿಗೆ? ಎರಡನ್ನೂ ಪೂರ್ತಿ ತಡೆಯಲಾಗದಿದ್ದರೆ ನೀನು ಯಾವುದನ್ನು ಸಹಿಸುವೆ?" ಎಂದರು. ಅಂಕಿಗಳೆಲ್ಲ ನಾಲಗೆಯ ತುದಿಯಲ್ಲಿದ್ದುವು. ಉತ್ತರ ಮಾತ್ರ ಇರಲಿಲ್ಲ.

ಮರುದಿನ ಆಕೆ ಪುಸ್ತಕವನ್ನು ಮುಚ್ಚಿಟ್ಟು ಅಜ್ಜಿಯೊಡನೆ ನ್ಯಾಯಬೆಲೆ ಅಂಗಡಿಗೆ ಹೋದಳು. ತೆಂಗಿನ ನಾರು ಹೊಸೆದು ಹೊಸೆದು ಸವೆದ ಬೆರಳನ್ನು ಯಂತ್ರ ಒಪ್ಪಲಿಲ್ಲ. ಅಜ್ಜಿ ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಮತ್ತೆ ಒತ್ತಿದರು. "ನಾಳೆ ಬನ್ನಿ ಅಜ್ಜಿ" ಎಂದ ಅಂಗಡಿಯವನು. "ನನ್ನ ಬೆರಳು ನನ್ನದೇ ಅಲ್ಲವಂತೆ ಕಣೇ" ಎಂದು ಅಜ್ಜಿ ನಕ್ಕು ಬರಿಯ ಚೀಲವನ್ನು ಮಡಿಸಿಕೊಂಡರು.

ಯಂತ್ರವನ್ನು ಇಟ್ಟವರ ಉದ್ದೇಶ ಕೆಟ್ಟದ್ದಲ್ಲ. ಸುಳ್ಳು ಹೆಸರಿನಲ್ಲಿ ಧಾನ್ಯ ಒಯ್ಯುವವರನ್ನು ತಡೆಯಬೇಕಾದುದು ನ್ಯಾಯವೇ. ಆದರೆ ಕಳ್ಳನಿಗಾಗಿ ಹಾಕಿದ ಬಾಗಿಲೇ ಮನೆಯವಳಿಗೂ ಅಡ್ಡವಾದರೆ, ಆಕೆ ಒಳಕ್ಕೆ ಬರಲು ಮತ್ತೊಂದು ದಾರಿಯಿದೆಯೇ, ಆ ದಾರಿಯ ಸುದ್ದಿ ಆಕೆಗೆ ತಿಳಿದಿದೆಯೇ ಎಂದು ವಿಚಾರಿಸಬೇಕಾದವರು ಯಾರು? ಆಕೆ ಬಯಸಿದ ಹುದ್ದೆಯ ಕೆಲಸವೇ ಇದಲ್ಲವೇ! ಅಕ್ಕಿ ಪಡೆದ ಅನರ್ಹನು ಲೆಕ್ಕದಲ್ಲಿ ಸಿಕ್ಕಿಬೀಳಬಹುದು. ಬರಿಗೈಯಲ್ಲಿ ಮರಳಿದ ಮುದುಕಿಯ ಹಸಿವನ್ನು ಬರೆದಿಡುವ ಪುಸ್ತಕವೇ ಇಲ್ಲ.

ಅಂದಿನಿಂದ ಆಕೆಯ ಸಿದ್ಧತೆಯ ಕ್ರಮ ಬದಲಾಯಿತು. ಯಾವ ಯೋಜನೆಯನ್ನು ಓದಿದರೂ ಪಕ್ಕದಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆದುಕೊಳ್ಳುವಳು: ಇದು ಯಾರಿಗಾಗಿ? ವೆಚ್ಚ ಯಾರದು? ಹೊರಗುಳಿಯುವವರು ಯಾರು? ಹೊರಗುಳಿದರೆಂದು ಸರ್ಕಾರಕ್ಕೆ ತಿಳಿಯುವುದು ಹೇಗೆ? ಉತ್ತರ ಹೊಳೆಯದಿದ್ದಲ್ಲಿ "ತಿಳಿಯದು" ಎಂದು ಬರೆದಳು. ತಹಶೀಲ್ದಾರರೆದುರು ಅದನ್ನು ತಗ್ಗದ ದನಿಯಲ್ಲಿ ಹೇಳುವುದನ್ನೂ ಅಭ್ಯಾಸ ಮಾಡಿದಳು. ಕೊನೆಯದೇ ಎಲ್ಲಕ್ಕಿಂತ ಕಷ್ಟವಾಯಿತಂತೆ.

ಇಂಥ ಸಿದ್ಧತೆಯಿಂದ ಅಂಕಗಳು ಹೆಚ್ಚುವುವೆಂದು ಯಾರೂ ಮಾತು ಕೊಡಲಾರರು. ಆಯ್ಕೆಯಾಗದಿದ್ದರೂ ಕಲಿತುದು ಉಳಿಯಿತೆಂಬ ಸಮಾಧಾನವು, ತೋಟ ಅಡವಿಟ್ಟ ಮನೆಯವರಿಗೆ ಹೇಳತಕ್ಕ ಮಾತೂ ಅಲ್ಲ. ಆದರೆ ಅಭ್ಯರ್ಥಿಯನ್ನು ಪರೀಕ್ಷಿಸಲು ಮಂಡಲಿಗೆ ದೊರೆಯುವ ಕಾಲ ಸುಮಾರು ಅರ್ಧ ಗಂಟೆ. ಅಲ್ಲಿ ಗೆದ್ದವರು ಮುಂದೆ ಬರೆಯುವ ಆಜ್ಞೆಗಳ ಎದುರು ಜನರು ತಿಂಗಳು ತಿಂಗಳೂ ಚೀಲ ಹಿಡಿದು ನಿಲ್ಲಬೇಕು. ಅವರಿಗೆ ಪ್ರಶ್ನೆ ಕೇಳುವ ಸರದಿ ಬರುವುದೇ ಇಲ್ಲ. ಅವರ ಪ್ರಶ್ನೆಯನ್ನು ತಾನೇ ತನಗೆ ಮೊದಲು ಕೇಳಿಕೊಂಡು ಹೋದವಳು, ದೆಹಲಿಯ ಆ ಕೊಠಡಿಯ ಹೊರಗೆ ತನ್ನ ಸರದಿಗಾಗಿ ಕಾಯುವಾಗ ಬಹುಶಃ ಸ್ವಲ್ಪ ಕಡಿಮೆ ನಡುಗಿಯಾಳು.