ಹಿಂದಿರುಗದ ಕುದುರೆ

ಕುದುರೆಯ ಬೆನ್ನೇರಿದವರು ಕುಕ್ಕುಲೋಟದ ಪೆಟ್ಟನ್ನು ಮರೆಯಲಾರರು. ಬಾಲ್ಯದಲ್ಲಿ ಜಾತ್ರೆಯೊಂದರಲ್ಲಿ ಆ ಸುಖವನ್ನು ಕಂಡು ಎರಡು ದಿನ ನೆಟ್ಟಗೆ ಕುಳಿತುಕೊಳ್ಳಲಾರದೆ ಹೋದ ನನಗೆ, ಐಸ್‌ಲೆಂಡಿನ ಕುದುರೆಯ ವಿಚಾರವನ್ನು ಓದಿದಾಗ ಆ ನಾಡಿನ ಸವಾರರ ಮೇಲೆ ಅಸೂಯೆಯೇ ಆಯಿತು.

ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ನಾರ್ವೆ ಮೊದಲಾದ ಕಡೆಗಳಿಂದ ವಲಸೆ ಬಂದವರು ತೆರೆದ ಹಡಗುಗಳಲ್ಲಿ ತಂದ ಕುದುರೆಗಳ ಸಂತತಿಯಿದು. ಗಿಡ್ಡ ದೇಹ, ದಟ್ಟವಾದ ರೋಮ. ಇದರ ಹಿರಿಮೆಯೆಲ್ಲ ‘ತೋಲ್ಟ್’ ಎಂಬ ನಡೆಯಲ್ಲಿದೆ. ನಾಲ್ಕು ಕಾಲುಗಳೂ ಒಂದಾದ ಮೇಲೊಂದರಂತೆ ನೆಲವನ್ನು ಮುಟ್ಟುತ್ತವೆ. ವೇಗವೆಷ್ಟೇ ಇರಲಿ, ಒಂದು ಗೊರಸಾದರೂ ನೆಲದ ಮೇಲಿರುತ್ತದೆ. ಆದುದರಿಂದ ಸವಾರನು ಕುಲುಕುವುದಿಲ್ಲ. ತುಂಬಿದ ಲೋಟವನ್ನು ಕೈಯಲ್ಲಿ ಹಿಡಿದು ಸವಾರಿ ಮಾಡಿ ತೋರಿಸುವವರೂ ಉಂಟು! ಇಂತಹ ನಡೆಗೆ ಎಡೆಮಾಡುವ ಜೀನಿನ ಮಾರ್ಪಾಟೊಂದನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು.

1783ರಲ್ಲಿ ಲಾಕಿ ಜ್ವಾಲಾಮುಖಿಯು ಸಿಡಿದಾಗ ಅಲ್ಲಿನ ಕುದುರೆಗಳಲ್ಲಿ ಅರ್ಧಕ್ಕೂ ಹೆಚ್ಚು ಸತ್ತವು. ಉಳಿದವುಗಳಿಂದಲೇ ತಳಿಯು ಮತ್ತೆ ಬೆಳೆಯಿತು. ಹೊರಗಿನ ರೋಗಗಳನ್ನು ತಾಳುವ ಶಕ್ತಿ ಅವುಗಳಿಗಿಲ್ಲ. ಆದಕಾರಣ ದ್ವೀಪವನ್ನು ಒಮ್ಮೆ ಬಿಟ್ಟ ಕುದುರೆಗೆ ಮರಳಿ ಪ್ರವೇಶವಿಲ್ಲವೆಂದು ಅಲ್ಲಿನ ಕಾನೂನು. ಪರದೇಶದ ಪಂದ್ಯದಲ್ಲಿ ಗೆದ್ದ ಸವಾರನು ಕೂಡ, ತನ್ನನ್ನು ಗೆಲ್ಲಿಸಿದ ಕುದುರೆಯನ್ನು ಅಲ್ಲಿಯೇ ಬಿಟ್ಟು, ಒಬ್ಬನೇ ಊರಿಗೆ ಹಿಂದಿರುಗುತ್ತಾನೆ.